ತುರ್ತು ರಾಣಿ ಕೋಶ

ಜೇನು ಸಂಸಾರದ ರಾಣಿ ಏಕಾಏಕಿ ಇಲ್ಲವಾದಾಗ, ಕೆಲಸಗಾರ ನೊಣಗಳು ಎರಿಯಲ್ಲಿ (ಮೇಣದ ಕೋಣೆಗಳ ತಟ್ಟೆಯಲ್ಲಿ) ಇರುವ ಸಾಮಾನ್ಯ ಮರಿಯೊಂದನ್ನೇ ರಾಣಿಯಾಗಿ ಬೆಳೆಸಲು ಕಟ್ಟುವ ಕೋಣೆಗೆ ತುರ್ತು ರಾಣಿ ಕೋಶ ಎನ್ನುತ್ತಾರೆ. ಪೆಟ್ಟಿಗೆ ಪರೀಕ್ಷಿಸುವಾಗ ಚೌಕಟ್ಟುಗಳ ನಡುವೆ ಸಿಕ್ಕಿ ರಾಣಿ ಸಾಯುವುದುಂಟು. ಮರದ ಪೊಟರೆಯಿಂದ ಸಂಸಾರವನ್ನು ಪೆಟ್ಟಿಗೆಗೆ ತುಂಬುವಾಗಲಂತೂ ಈ ಅಪಾಯ ಹೆಚ್ಚು.

ಸಂಸಾರ ಪಾಲಾಗುವ, ಅಂದರೆ ಒಂದು ಗುಂಪು ಬೇರೆಯಾಗಿ ಹಾರಿಹೋಗುವ ಕಾಲದಲ್ಲಿ ಕಟ್ಟುವ ರಾಣಿ ಕೋಶವೇ ಬೇರೆ. ಅದು ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿಯಂತೆ ಜೋತುಬಿದ್ದಿರುತ್ತದೆ. ಅದರೊಳಗೆ ಮೊಟ್ಟೆ ಇಟ್ಟಿರುವುದು ಹಳೆಯ ರಾಣಿಯೇ. ತುರ್ತು ಕೋಶ ಸಾಮಾನ್ಯವಾಗಿ ಎರಿಯ ಮೈಮೇಲೆ, ಮರಿ ಇದ್ದಲ್ಲೇ ಉಬ್ಬಿ ಕೆಳಮುಖವಾಗಿ ಬೆಳೆಯುತ್ತದೆ. ಕೆಲಸಗಾರ ಮರಿಗೂ ರಾಣಿಯ ಮರಿಗೂ ಹುಟ್ಟಿನಲ್ಲಿ ವ್ಯತ್ಯಾಸವಿಲ್ಲ, ಇರುವುದು ಊಟದಲ್ಲಿ. ಕೆಲಸಗಾರ ಮರಿಗೆ ಕೆಲವು ದಿನಗಳ ಬಳಿಕ ಪರಾಗ, ಜೇನು ಬೆರೆತ ಆಹಾರ ಸಿಗುತ್ತದೆ. ರಾಣಿಯಾಗುವ ಮರಿಗೆ ಕೋಶ ಮುಚ್ಚುವವರೆಗೂ ರಾಜಶಾಹಿ ರಸವೇ.

ಆ ರಸವನ್ನು ಸ್ರವಿಸುವುದು ಎಳೆಯ ಕೆಲಸಗಾರ ನೊಣಗಳು. ಸಣ್ಣ ಸಂಸಾರದ ಕಷ್ಟ ಇಲ್ಲಿಂದಲೇ ಶುರು. ಎರಡು ಮೂರು ಎರಿಗಳ ಮೇಲಷ್ಟೇ ನೊಣ ಹರಡಿದ್ದರೆ ಉಣಿಸುವವರು ಕಡಿಮೆ, ಎರಿಯನ್ನು ಬೆಚ್ಚಗಿಡುವವರೂ ಕಡಿಮೆ. ಕೋಶವನ್ನೇನೋ ಕಟ್ಟುತ್ತವೆ, ಹೊರಬರುವ ರಾಣಿ ಮಾತ್ರ ಹಲವು ಸಲ ಬಡಕಲು. ಸಾಲದ್ದಕ್ಕೆ, ಗಾಬರಿಯಲ್ಲಿ ತುಸು ಬಲಿತ ಮರಿಗಳನ್ನೂ ಆರಿಸಿಕೊಳ್ಳುತ್ತವೆ. ಅಂಥ ಮರಿ ಮೊದಲು ಹೊರಬಂದು, ಚೆನ್ನಾಗಿ ಉಂಡು ಬೆಳೆಯುತ್ತಿರುವ ಎಳೆಯ ರಾಣಿಗಳನ್ನು ಕೋಶದಲ್ಲೇ ಕೊಲ್ಲುತ್ತದೆ. ಹಾಗಾಗಿ ರಾಣಿ ಹೋದ ಮೂರನೆಯ ದಿನವೇ ಬಾಯಿ ಮುಚ್ಚಿದ ಕೋಶ ಕಂಡರೆ ಅದನ್ನು ಕಿತ್ತುಹಾಕಿ, ಇನ್ನೂ ತೆರೆದಿರುವ, ತಳದಲ್ಲಿ ಬಿಳಿ ರಸ ತುಂಬಿದ ಕೋಶವನ್ನು ಉಳಿಸಬೇಕು. ಮೊದಲು ಮುಚ್ಚಿದ್ದೇ ಗಟ್ಟಿ ಎಂದು ನಂಬುವವರೇ ಹೆಚ್ಚು, ಅದು ತಲೆಕೆಳಗಾದ ಲೆಕ್ಕ.

ನನ್ನನ್ನು ಕೇಳಿದರೆ, ಸಣ್ಣ ಸಂಸಾರಕ್ಕೆ ಈ ಕೆಲಸವನ್ನು ಹೊರಿಸುವುದೇ ಬೇಡ. ಬಲವಾದ ಸಂಸಾರವೊಂದರಿಂದ ಮಾಗಿದ ಕೋಶವನ್ನು ಸುತ್ತಲಿನ ಎರಿಯ ತುಣುಕಿನೊಂದಿಗೇ ಕತ್ತರಿಸಿ, ತುದಿ ಕೆಳಗಿರುವಂತೆಯೇ ಹಿಡಿದು, ಅಲುಗಿಸದೆ ತಂದು ಮರಿಗಳಿರುವ ಎರಿಗೆ ಸಿಕ್ಕಿಸುವುದು ಮೇಲು. ಸಂಸಾರ ಕಟ್ಟಿಕೊಂಡ ಕೋಶಗಳನ್ನು ಅದಕ್ಕೆ ಮೊದಲೇ ತೆಗೆದಿರಬೇಕು. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನಿನಲ್ಲಿ ಮಾಗಿದ ಕೋಶವನ್ನು ಗುರುತಿಸುವುದು ಸುಲಭ: ರಾಣಿ ಹೊರಬರುವ ಮುನ್ನ ನೊಣಗಳು ತುದಿಯ ಮೇಣವನ್ನು ಕೆರೆದು ತೆಗೆಯುತ್ತವೆ, ಒಳಗಿನ ಕಂದು ಪೊರೆ ಕಾಣುತ್ತದೆ. ಜೊತೆಗೆ ಮುಚ್ಚಿದ ಮರಿಗಳ ಒಂದು ಎರಿಯನ್ನೂ ಕೊಟ್ಟರೆ, ಹುಟ್ಟಿಬರುವ ಎಳೆಯ ನೊಣಗಳಿಂದ ಸಂಸಾರ ಚೇತರಿಸಿಕೊಳ್ಳುತ್ತದೆ. ಕೋಶ ಯಾವ ಸಂಸಾರದ್ದು ಎಂಬುದನ್ನೂ ನೋಡಬೇಕು. 1990ರ ದಶಕದ ಆರಂಭದಲ್ಲಿ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಸಂಸಾರಗಳನ್ನು ಬಹುಪಾಲು ಅಳಿಸಿಹಾಕಿತ್ತು. ಮರಿ ಸತ್ತ ಚಿಹ್ನೆಯಿರುವ ಪೆಟ್ಟಿಗೆಯ ಕೋಶ ಎಷ್ಟೇ ದಪ್ಪಗಿರಲಿ, ಬೇಡ.

ಕೊಡಗಿನಲ್ಲಿ ಕಾಲವೂ ಕೂಡಿಬರಬೇಕು. ರಾಣಿ ಗಂಡು ನೊಣಗಳೊಡನೆ ಕೂಡುವುದು ಆಕಾಶದಲ್ಲಿ, ಬಿಸಿಲಿನಲ್ಲಿ. ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳ) ಮಳೆಯಲ್ಲಿ ಭಾಗಮಂಡಲದ ಕಡೆ ಹುಟ್ಟಿದ ಕನ್ಯೆರಾಣಿಗೆ ಹೊರಗೆ ಹಾರಲು ಬಿಡುವೆಲ್ಲಿ, ಆಗ ಗಂಡು ನೊಣಗಳಾದರೂ ಎಲ್ಲಿ? ಸುಗ್ಗಿಯ ಹಬ್ಬ ಹುತ್ತರಿ ಕಳೆದು, ಕಾಫಿ ಹೂವಿಗೆ ಮುನ್ನ ಸಂಸಾರಗಳು ಬೆಳೆಯುವ ದಿನಗಳೇ ಇದಕ್ಕೆ ಹೇಳಿಮಾಡಿಸಿದವು. ಮುಚ್ಚಳದ ನಡುವೆ ಸಣ್ಣ ತೂತಿರುವ ಗಂಡು ಕೋಶಗಳು ಎರಿಯಲ್ಲಿ ಕಂಡರೆ ಕಾಲ ಬಂದಿದೆ ಎಂದರ್ಥ.

ಮೊಟ್ಟೆಯಿಂದ ರಾಣಿ ಹೊರಬರಲು 15–16 ದಿನ ಬೇಕು. ಕೂಡುವ ದಿನಗಳಲ್ಲಿ ಮಧ್ಯಾಹ್ನ ಪೆಟ್ಟಿಗೆಯನ್ನು ಮುಟ್ಟಬಾರದು. ರಾಣಿ ಹೊರಬಂದು ಎರಡು ವಾರ ಕಳೆದ ಮೇಲೆ ಒಮ್ಮೆ ತೆರೆದು ನೋಡಿ. ಕೋಣೆಗೊಂದರಂತೆ ತಳದಲ್ಲಿ ಮೊಟ್ಟೆ ನಿಂತಿದ್ದರೆ ಸರಿ. ಒಂದೇ ಕೋಣೆಯಲ್ಲಿ ಹಲವು ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿದ್ದರೆ ಅವು ಕೆಲಸಗಾರ ನೊಣಗಳು ಇಟ್ಟವು. ತುಡುವೆಯಲ್ಲಿ ಈ ಹಂತ ಬೇಗ ಬರುತ್ತದೆ. ಇನ್ನೊಂದು ಕೋಶ ಕೊಟ್ಟರೂ ಅವು ಒಪ್ಪುವುದು ಅಪರೂಪ. ಸಂಜೆ ವೇಳೆ ನಡುವೆ ಪತ್ರಿಕೆಯ ಹಾಳೆ ಇಟ್ಟು ಬಲವಾದ ಸಂಸಾರಕ್ಕೆ ಸೇರಿಸಿಬಿಡುವುದೇ ಆಗ ಉಳಿದ ದಾರಿ.