ಬಹಿಷ್ಕಾರ: ಹೊರಗೆ ನಿಲ್ಲುವವರು ಯಾರು?

ಯಾರೋ ಒಬ್ಬ ಇನ್‌ಫ್ಲುಯೆನ್ಸರ್ ಹೆಣ್ಣುಮಕ್ಕಳ ಬಗ್ಗೆಯೋ ಒಂದು ಜಾತಿಯ ಬಗ್ಗೆಯೋ ಕೀಳಾಗಿ ಮಾತಾಡುತ್ತಾರೆ. ಅವರನ್ನು ಜಾಹೀರಾತಿಗೆ ಕರೆಸಿದ ಲಿಪ್‌ಸ್ಟಿಕ್ ಕಂಪನಿಯ ಮೇಲೆ ಜನಕ್ಕೆ ಸಿಟ್ಟು ಬರುತ್ತದೆ. ಸಿಟ್ಟು ನ್ಯಾಯವಾದದ್ದೇ. ಆದರೆ ಆಮೇಲೆ ನಡೆಯುವುದಕ್ಕೆಲ್ಲ ಒಂದೇ ಹೆಸರು. ಅನ್‌ಫಾಲೋ ಮಾಡಿದರೆ ಬಹಿಷ್ಕಾರ, ಕಮೆಂಟಿನಲ್ಲಿ ಬೈದರೆ ಬಹಿಷ್ಕಾರ, ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಗೆ ನುಗ್ಗಿ ‘ಆ ಸ್ಟ್ಯಾಂಡ್ ತೆಗೀರಿ’ ಎಂದು ಗದರಿಸಿದರೂ ಬಹಿಷ್ಕಾರ. ಈ ಮೂರರಲ್ಲಿ ಒಂದಕ್ಕೂ ಆ ಪದ ಸಲ್ಲುವುದಿಲ್ಲ.

‘ಬಹಿಸ್’ ಎಂದರೆ ಹೊರಗೆ. ಬಹಿರಂಗ, ಬಹಿರ್ದೆಸೆಗಳಲ್ಲಿ ಇರುವುದೂ ಅದೇ. ಅದಕ್ಕೆ ‘ಕೃ’ ಧಾತು ಸೇರಿದಾಗ, ಸಕಾರದ ಹಿಂದೆ ಇಕಾರವಿರುವುದರಿಂದ ಅದು ಷಕಾರವಾಗಿ ಬಹಿಷ್ಕಾರ ಆಗುತ್ತದೆ, ಆವಿಷ್ಕಾರವೂ ಹೀಗೇ. ಪುರಸ್ಕಾರ, ತಿರಸ್ಕಾರಗಳಲ್ಲಿ ಹಿಂದಿರುವುದು ಅಕಾರ, ಹಾಗಾಗಿ ಸಕಾರ ಹಾಗೇ ಉಳಿದಿದೆ. ‘ಬಹಿಸ್ಕಾರ’ ಎಂದು ಬ್ಯಾನರಿನಲ್ಲಿ ಅಚ್ಚು ಹಾಕಿಸುವ ಮುನ್ನ ಇಷ್ಟು ನೋಡಿಕೊಳ್ಳಬಹುದು.

ಪದದ ಅರ್ಥ ‘ಹೊರಗೆ ಮಾಡುವುದು’. ಯಾರು ಯಾರನ್ನು ಎಂಬುದರಲ್ಲೇ ಗೊಂದಲ ಇರುವುದು. ಊರಿನವರು ಒಂದು ಕುಟುಂಬದ ಜೊತೆ ಮಾತು ಬಿಡುವುದು, ಕೂಲಿಗೆ ಕರೆಯದಿರುವುದು, ದಿನಸಿ ಕೊಡದಿರುವುದು ಸಾಮಾಜಿಕ ಬಹಿಷ್ಕಾರ. ಅಲ್ಲಿ ಬಲವಿದ್ದವರು ಬಲವಿಲ್ಲದವರನ್ನು ಹೊರಗೆ ತಳ್ಳುತ್ತಾರೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲೆ ಅದನ್ನು ಹೇರುವುದು, ಹೇರುತ್ತೇವೆಂದು ಬೆದರಿಸುವುದು ಎರಡೂ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರಗಳನ್ನು ಹೆಸರಿಸಿಯೇ ಹೇಳಿದೆ. ಚುನಾವಣೆ ಬಂದಾಗ ‘ರಸ್ತೆ ಆಗುವ ತನಕ ಮತದಾನ ಬಹಿಷ್ಕಾರ’ ಎಂದು ಮಂಡ್ಯದ ಕಡೆಯ ಒಂದು ಹಳ್ಳಿ ಬೋರ್ಡ್ ಹಾಕಿದರೆ ದಿಕ್ಕು ತಿರುಗುತ್ತದೆ. ಅಲ್ಲಿ ಹಳ್ಳಿಯವರು ಯಾರನ್ನೂ ತಳ್ಳುತ್ತಿಲ್ಲ, ತಾವೇ ಹೊರಗೆ ನಿಲ್ಲುತ್ತಿದ್ದಾರೆ. ಸೌಂದರ್ಯ ಸಾಮಗ್ರಿಯ ಬಹಿಷ್ಕಾರ ಈ ಎರಡನೆಯ ಬಗೆಯದು. ಕೊಳ್ಳುವವರು ಕೊಳ್ಳುವುದನ್ನು ಬಿಟ್ಟು, ಒಂದು ಷರತ್ತು ಮುಂದಿಟ್ಟು, ಹೊರಗೆ ನಿಲ್ಲುತ್ತಾರೆ.

‘ಬಾಯ್ಕಾಟ್’ ಪದದ ಮೂಲ ಮಾತ್ರ ಮೊದಲನೆಯ ಬಗೆಯದು. 1880ರಲ್ಲಿ ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನಿಗೆ ಚಾರ್ಲ್ಸ್ ಬಾಯ್ಕಾಟ್ ಏಜೆಂಟ್. ಗೇಣಿ ಇಳಿಸಿ ಎಂದ ಒಕ್ಕಲುಗಳನ್ನು ಜಮೀನಿನಿಂದ ಎಬ್ಬಿಸಲು ಹೊರಟಾಗ ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಕೀಳಲು ಅಲ್ಸ್ಟರಿನಿಂದ 50 ಆಳುಗಳು ಬಂದರು, ಅವರ ಕಾವಲಿಗೆ ಸುಮಾರು 1,000 ಸೈನಿಕರು ಮತ್ತು ಪೊಲೀಸರು. ಡಿಸೆಂಬರ್ ಹೊತ್ತಿಗೆ ಬಾಯ್ಕಾಟ್ ಊರು ಬಿಟ್ಟ. ಸಾಧನ ಊರ ಬಹಿಷ್ಕಾರದ್ದೇ, ಆದರೆ ಅದು ಕೆಳಗಿನಿಂದ ಮೇಲಕ್ಕೆ ತಿರುಗಿತ್ತು. ಇವತ್ತು ಕಂಪನಿಯನ್ನು ಬಿಟ್ಟು, ಅದರ ವಿಡಿಯೊದಲ್ಲಿ ಕಾಣಿಸಿಕೊಂಡ ಹುಡುಗಿಯ ಮನೆ ವಿಳಾಸ ಹಂಚುವವರು ಅದನ್ನು ಮತ್ತೆ ಮೇಲಿನಿಂದ ಕೆಳಕ್ಕೆ ತಿರುಗಿಸುತ್ತಿದ್ದಾರೆ. ಅದು ಕಿರುಕುಳ.

2025ರ ಆಗಸ್ಟಿನಲ್ಲಿ ಅಮೆರಿಕದ ಎಲ್ಫ್ ಕಾಸ್ಮೆಟಿಕ್ಸ್ ತನ್ನ ಜಾಹೀರಾತಿಗೆ ಮ್ಯಾಟ್ ರೈಫ್ ಎಂಬ ಹಾಸ್ಯಗಾರನನ್ನು ಹಾಕಿಕೊಂಡಿತು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರನ್ನು 2023ರ ಪ್ರದರ್ಶನವೊಂದರಲ್ಲಿ ತಮಾಷೆಯ ವಸ್ತು ಮಾಡಿದ್ದವನು. ಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚಿರುವ ಕಂಪನಿ ಅವನನ್ನು ಆರಿಸಿದ್ದೇಕೆ ಎಂಬುದು ಪ್ರಶ್ನೆ. ಕಂಪನಿ ತಪ್ಪಾಯಿತೆಂದು ಒಪ್ಪಿಕೊಂಡಿತು. ಇಲ್ಲಿ ಗುರಿ ಸ್ಪಷ್ಟ: ಮಾತು ಅವನದು, ಆಯ್ಕೆ ಕಂಪನಿಯದು, ಬಹಿಷ್ಕಾರ ಆಯ್ಕೆಯ ಮೇಲೆ.

ಹಣ ಹೇಗೆ ಹೋಗುತ್ತದೆ ಎಂದು ತಿಳಿಯದೆ ಕರೆ ಕೊಡುವವರೇ ಹೆಚ್ಚು. ವಿಡಿಯೊಗೆ ಇಷ್ಟು ಎಂದು ಒಟ್ಟು ಮೊತ್ತ ಕೊಟ್ಟಿದ್ದರೆ ಆ ವ್ಯಕ್ತಿಗೆ ಹಣ ಆಗಲೇ ಸೇರಿದೆ. ನೀವು ಕೊಳ್ಳದಿದ್ದರೆ ಮುಟ್ಟುವುದು ಮುಂದಿನ ಒಪ್ಪಂದಕ್ಕೆ. ಡಿಸ್ಕೌಂಟ್ ಕೋಡ್ ಇದ್ದರೆ ಸಾಮಾನ್ಯವಾಗಿ ಆ ಕೋಡಿನ ಪ್ರತಿ ಮಾರಾಟಕ್ಕೂ ಕಮಿಷನ್. ಡಬ್ಬಿಯ ಮೇಲೇ ಅವರ ಹೆಸರಿದ್ದರೆ ಮಾರಾಟದಲ್ಲಿ ಪಾಲು ಇರುವ ಸಂಭವ ಹೆಚ್ಚು, ಬಹಿಷ್ಕಾರ ನೇರ ತಾಗುವುದು ಅಲ್ಲೇ. ವಿಡಿಯೊದಲ್ಲಿ ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಗುರುತು ಇದೆಯೇ ಎಂದು ಮೊದಲು ನೋಡಿ. ಸ್ವಂತ ದುಡ್ಡಿನಲ್ಲಿ ಕೊಂಡು ಹಚ್ಚಿಕೊಂಡವರ ಮಾತಿಗೆ ಕಂಪನಿ ಹೊಣೆಯಲ್ಲ.

ಡಬ್ಬಿಯ ಹಿಂಭಾಗವನ್ನೂ ಓದಬೇಕು. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದಿರುವುದು ಹಲವು ಬ್ರ್ಯಾಂಡ್‌ಗಳಿಗೆ ಮಾಡಿಕೊಡುವ ಗುತ್ತಿಗೆ ಕಾರ್ಖಾನೆ ಇರಬಹುದು. ನಿಮಗೆ ಬೇಕಾದದ್ದು ‘ಮಾರ್ಕೆಟೆಡ್ ಬೈ’ ಅಥವಾ ‘ಇಂಪೋರ್ಟೆಡ್ ಬೈ’ ಸಾಲು. ಲ್ಯಾಕ್ಮೆ ಬಿಟ್ಟು ಪಾಂಡ್ಸ್ ಕೊಂಡರೆ ಹಣ ಹೋಗುವುದು ಅದೇ ಹಿಂದೂಸ್ತಾನ್ ಯೂನಿಲಿವರ್‌ಗೆ. ಮೇಬಲೀನ್ ಬಿಟ್ಟು ಗಾರ್ನಿಯರ್ ಕೊಂಡರೆ ಅದೇ ಲೋರಿಯಾಲ್‌ಗೆ.

ಇನ್ನು ‘ಈ ವಾರ ಬಹಿಷ್ಕಾರ’ ಎಂಬ ಪೋಸ್ಟರುಗಳು. ಒಂದು ಲಿಪ್‌ಸ್ಟಿಕ್ ತಿಂಗಳುಗಟ್ಟಲೆ ಬರುತ್ತದೆ, ಆ ವಾರ ಹೇಗೂ ಯಾರೂ ಕೊಳ್ಳುತ್ತಿರಲಿಲ್ಲ. ದಸರಾಕ್ಕೆ ಮುಂಚೆ ಎರಡು ಕೊಂಡಿಟ್ಟು ದಸರಾದಲ್ಲಿ ಬಹಿಷ್ಕರಿಸಿದರೆ ಮಾರಾಟ ಒಂದು ಪೈಸೆಯೂ ಇಳಿಯುವುದಿಲ್ಲ. ಅವಧಿ ಒಂದು ಸಲ ಕೊಳ್ಳುವುದಕ್ಕೂ ಮುಂದಿನ ಸಲಕ್ಕೂ ನಡುವಿನ ಅಂತರಕ್ಕಿಂತ ಉದ್ದ ಇರಬೇಕು. ಕೊಂಡದ್ದನ್ನು ರಸ್ತೆಯಲ್ಲಿ ಸುಡುವುದೂ ಬೇಡ, ಅದರ ಬೆಲೆ ಕಂಪನಿಗೆ ಸಂದಾಗಿದೆ. ಸಂತೆಪೇಟೆಯ ಫ್ಯಾನ್ಸಿ ಸ್ಟೋರಿನವರೂ ತಮ್ಮ ಸ್ಟಾಕಿಗೆ ದುಡ್ಡು ಕಟ್ಟಿರುತ್ತಾರೆ, ಅವರ ಮೇಲೆ ಕೂಗಾಡಿದರೆ ನಷ್ಟ ಅವರಿಗೆ ಮಾತ್ರ. ಬೇರೆ ಬ್ರ್ಯಾಂಡ್ ಕೇಳಿ, ಕಾರಣ ಹೇಳಿ. ಡಿಸ್ಟ್ರಿಬ್ಯೂಟರಿನ ಹುಡುಗ ಮುಂದಿನ ಆರ್ಡರಿಗೆ ಬಂದಾಗ ಅಂಗಡಿಯವರು ‘ಅದು ಬೇಡ’ ಎಂದರೆ ಕಂಪನಿಗೆ ಸುದ್ದಿ ತಲುಪುತ್ತದೆ.

ಪಕ್ಕದ ಪದಗಳನ್ನೂ ಬೇರೆ ಮಾಡಿಕೊಳ್ಳೋಣ. 2025ರ ಮೇನಲ್ಲಿ, ಕನ್ನಡ ಹಾಡು ಹಾಡಿ ಎಂದವರ ಬಗ್ಗೆ ಗಾಯಕ ಸೋನು ನಿಗಮ್ ಆಡಿದ ಮಾತಿಗೆ ಚಲನಚಿತ್ರ ವಾಣಿಜ್ಯ ಮಂಡಳಿ ತೋರಿಸಿದ್ದು ಅಸಹಕಾರ: ಕೆಲಸ ಕೊಡುವವರು ಕೊಡುವುದಿಲ್ಲ ಎಂದರು. ಕನ್ನಡದ ಹುಟ್ಟಿನ ಬಗ್ಗೆ ಕಮಲ್ ಹಾಸನ್ ಆಡಿದ ಮಾತಿಗೆ ಅವರ ಚಿತ್ರವನ್ನು ರಾಜ್ಯದಲ್ಲಿ ತಡೆದದ್ದು ನಿಷೇಧ: ನೋಡಬೇಕೆಂದವರಿಗೂ ನೋಡಲು ಆಗಲಿಲ್ಲ, ಸುಪ್ರೀಂ ಕೋರ್ಟ್ ಆಕ್ಷೇಪಿಸಿತು. ಮೈಸೂರ್ ಸ್ಯಾಂಡಲ್ ಸೋಪಿಗೆ 6.2 ಕೋಟಿ ರೂಪಾಯಿಗೆ ತಮನ್ನಾ ರಾಯಭಾರಿಯಾದಾಗ ‘ಕನ್ನಡದವರು ಇರಲಿಲ್ಲವೇ’ ಎಂದು ಕೇಳಿದ್ದು ವಿರೋಧ. ಅಲ್ಲಿ ಯಾರೂ ಕೀಳು ಮಾತಾಡಿರಲಿಲ್ಲ.

ಷರತ್ತನ್ನು ಮೊದಲೇ ಬರೆದಿಡಬೇಕು: ಜಾಹೀರಾತು ತೆಗೆಯಬೇಕೋ, ಒಪ್ಪಂದ ಮುರಿಯಬೇಕೋ, ನೊಂದವರ ಹೆಸರು ಹೇಳಿ ಕ್ಷಮೆ ಕೇಳಬೇಕೋ. ಡಬ್ಬಿಯ ಮೇಲಿರುವ ಗ್ರಾಹಕ ಸೇವೆಯ ಇಮೇಲಿಗೆ ಅದನ್ನೇ ಕಳಿಸಿ. ಕಂಪನಿ ಕೇಳಿದ್ದನ್ನು ಮಾಡಿದ ದಿನ ಬಹಿಷ್ಕಾರ ಹಿಂತೆಗೆದುಕೊಂಡೆವೆಂದು ಕರೆ ಕೊಟ್ಟಷ್ಟೇ ಗಟ್ಟಿಯಾಗಿ ಹೇಳಬೇಕು. ಹಾಗೆ ಹೇಳದಿದ್ದರೆ ಮುಂದಿನ ಕಂಪನಿಗೆ ನಿಮ್ಮ ಷರತ್ತಿಗೆ ಒಪ್ಪಲು ಕಾರಣವೇ ಇರುವುದಿಲ್ಲ.