ಸೋಸಿದರೂ ಕಚ್ಚಾ, ಕಾಸಿದರೆ ಅಲ್ಲ

ವಿಜಯಪುರದ ಪೆಟ್ರೋಲ್ ಬಂಕಿನಲ್ಲಿ ಬೆಳಿಗ್ಗೆ 500 ಮಿಲಿ ಜಾಡಿಗೆ ಪೆಟ್ರೋಲ್ ಹಿಡಿದು, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟು, ಉಷ್ಣಾಂಶ ನೋಡಿ, ಕೋಷ್ಟಕದ ಪ್ರಕಾರ ಸಾಂದ್ರತೆಯನ್ನು 15 ಡಿಗ್ರಿ ಉಷ್ಣಾಂಶದ ಲೆಕ್ಕಕ್ಕೆ ತಂದು ಬರೆಯುತ್ತಾರೆ. ಪೆಟ್ರೋಲ್ ಜತೆ ಬಂದ ಚಲನ್ನಿನ ಅಂಕಿಗೂ ಇದಕ್ಕೂ ಘನಮೀಟರಿಗೆ 3 ಕೆಜಿಗಿಂತ ಹೆಚ್ಚು ಅಂತರ ಬಂದರೆ ಕಲಬೆರಕೆಯ ಗುಮಾನಿ. ಇದೇ ಲೆಕ್ಕ ಮಂಗಳೂರಿಗೆ ಬರುವ ಕಚ್ಚಾ ತೈಲಕ್ಕೂ ಉಂಟು. ಅಲ್ಲಿ ಮಾತ್ರ ತಪ್ಪಿನ ಬೆಲೆ ದೊಡ್ಡದು: ಆಮದು ಸುಂಕ ಅದರ ಮೇಲೆ ನಿಂತಿದೆ.

ಸುಂಕದ ಪಟ್ಟಿಯ 27ನೇ ಅಧ್ಯಾಯದಲ್ಲಿ ಕಚ್ಚಾ ತೈಲದ ಶೀರ್ಷಿಕೆ 2709. ಪೆಟ್ರೋಲ್, ಡೀಸೆಲ್ 2710. ಬೆಳಗಾವಿಯ ರಸ್ತೆಗೆ ಬೀಳುವ ಡಾಂಬರು 2713. ಎಂಟಂಕಿಯ ಪೂರ್ಣ ಸಂಕೇತದಲ್ಲಿ ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ಕೊನೆಯ ಎರಡು ನಮ್ಮವು.

ಯಾವುದು ‘ಕಚ್ಚಾ’? ಬಣ್ಣ ನೋಡಿ ಹೇಳಲಾಗದು. ಮಹಾಲಿಂಗಪುರದ ಆಲೆಮನೆ ನೆನೆಸಿಕೊಳ್ಳಿ: ಕಬ್ಬಿನ ಹಾಲು ಸೋಸಿದರೂ ಹಾಲೇ, ಕೊಪ್ಪರಿಗೆಯಲ್ಲಿ ಕಾಸಿ ಇಳಿಸಿದರೆ ಬೆಲ್ಲ. ತೈಲವೂ ಹಾಗೆಯೇ. ನೀರು ಬಸಿದರೂ, ಉಪ್ಪು ತೆಗೆದರೂ, ಸಾಗಣೆಗೆಂದು ಆವಿಯ ಒತ್ತಡ ತಗ್ಗಿಸಿದರೂ ಅದು 2709 ಆಗಿಯೇ ಉಳಿಯುತ್ತದೆ. ಗ್ಯಾಸ್ ಬಾವಿಯಲ್ಲಿ ಸಿಗುವ ತೆಳು ಎಣ್ಣೆ, ಕಂಡೆನ್ಸೇಟ್ ಕೂಡ ಇಲ್ಲೇ. ಬಟ್ಟಿ ಇಳಿಸಿ ಬೇರ್ಪಡಿಸಿದ ಭಾಗ 2710ಕ್ಕೆ ಹೋಗುತ್ತದೆ. ಅದರಲ್ಲಿ ಶೇ 90 ಭಾಗ 210 ಡಿಗ್ರಿಯೊಳಗೆ ಆವಿಯಾದರೆ ‘ಹಗುರ ತೈಲ’. ಹೆಸರಿನ ತಕರಾರು ಸುಮ್ಮನೆ ಅಲ್ಲ: ಕಚ್ಚಾ ತೈಲಕ್ಕೆ ಮೂಲ ಸುಂಕ ಟನ್ನಿಗೆ 1 ರೂಪಾಯಿ, ಮೇಲೆ ರಾಷ್ಟ್ರೀಯ ವಿಪತ್ತಿನ ಹೆಸರಿನ ಸುಂಕ 50 ರೂಪಾಯಿ. ಡೀಸೆಲ್ ಆಮದಿಗಾದರೆ ಮೂಲ ಸುಂಕವೇ ಬೆಲೆಯ ಶೇ 2.5.

ಟನ್ನಿನ ಲೆಕ್ಕವೇ ಜಾರುವ ಜಾಗ. 10 ಡಿಗ್ರಿ ಬಿಸಿ ಏರಿದರೆ ತೈಲ ಸುಮಾರು ಶೇ 0.8 ಹಿಗ್ಗುತ್ತದೆ, ತೂಕ ಮಾತ್ರ ಅಷ್ಟೇ. 20 ಲಕ್ಷ ಬ್ಯಾರೆಲ್ ಹಡಗಿನಲ್ಲಿ ಶೇ 0.5 ನೀರಿದ್ದರೆ 10 ಸಾವಿರ ಬ್ಯಾರೆಲ್ ಬರೀ ನೀರು. ಹಡಗಿಗೆ ತುಂಬಿದಷ್ಟೂ ದಡದ ಟ್ಯಾಂಕಿಗೆ ಇಳಿಯುವುದಿಲ್ಲ. ಸುಂಕಕ್ಕೆ ಯಾವ ಅಳತೆ? ಮಂಗಳೂರು ರಿಫೈನರಿಯ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ದಡದ ಟ್ಯಾಂಕಿನಲ್ಲಿ ಸಿಕ್ಕಿದ್ದು, ಹಡಗಿನ ಕಾಗದದಲ್ಲಿರುವುದಲ್ಲ.

ಹಾಗಾಗಿ ಟ್ಯಾಂಕ್ ತುಂಬಿದ ಕೂಡಲೇ ಡಿಪ್ ಹಾಕುವ, ಅಂದರೆ ಟೇಪ್ ಇಳಿಸಿ ಮಟ್ಟ ಅಳೆಯುವ ಅವಸರ ಬೇಡ. ನೀರು ತಳಕ್ಕೆ ಕೂರಲು ಬಿಡಬೇಕು. ಆಮೇಲೆ ಟೇಪಿನ ತುದಿಗೆ ವಾಟರ್ ಪೇಸ್ಟ್ ಸವರಿ ತಳ ಮುಟ್ಟಿಸಿದರೆ, ನೀರಿರುವಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ಬದಲಾಗಿರುತ್ತದೆ. ಅಷ್ಟನ್ನು ತೈಲದ ಲೆಕ್ಕದಿಂದ ಕಳೆಯಬೇಕು.