ಹಳೆಯ ಐ7 ಮೇಲೋ, ಹೊಸ ಐ3 ಮೇಲೋ?

ಪ್ರಶ್ನೆ: ಐವತ್ತು ಸಾವಿರ ರೂಪಾಯಿಯೊಳಗೆ ಗೇಮಿಂಗ್ ಕಂಪ್ಯೂಟರ್ ಒಂದನ್ನು ಜೋಡಿಸಿಕೊಳ್ಳಬೇಕೆಂದಿದ್ದೇನೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಇಂಟೆಲ್ ಕಂಪನಿಯ ಕೋರ್ ಐ7-4770 ಪ್ರೊಸೆಸರ್ (ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್) ಇರುವ ಸೆಕೆಂಡ್ ಹ್ಯಾಂಡ್ ಸೆಟ್ ಅಗ್ಗಕ್ಕೆ ಸಿಗುತ್ತಿದೆ. ಹೊಸ ಐ3 ಕೊಳ್ಳುವುದಕ್ಕಿಂತ, ಹಳೆಯದಾದರೂ ಐ7 ಮೇಲಲ್ಲವೇ? (ಡೊಂಬಿವಲಿಯ ಓದುಗರು)

ಉತ್ತರ: ಮೇಲಲ್ಲ. ಐ3, ಐ5, ಐ7 ಎಂಬ ಹೆಸರುಗಳು ಒಂದೇ ಪೀಳಿಗೆಯ ಪ್ರೊಸೆಸರುಗಳ ನಡುವಣ ದರ್ಜೆಯನ್ನು ಮಾತ್ರ ತಿಳಿಸುತ್ತವೆ. ಬೇರೆ ಬೇರೆ ಪೀಳಿಗೆಗಳನ್ನು ಹೋಲಿಸಲು ಅವು ಉಪಯೋಗಕ್ಕೆ ಬರುವುದಿಲ್ಲ. ನಿಮಗೆ ತೋರಿಸಿರುವ ಐ7-4770 ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಅದಕ್ಕೆ ಹೋಲಿಸಲು ಹೊಸ ಐ3ಗಳಲ್ಲಿ ಒಂದಾದ ಐ3-12100ಎಫ್ ತೆಗೆದುಕೊಳ್ಳೋಣ; ಅದು ಬಂದದ್ದು 2022ರಲ್ಲಿ. ಎರಡರಲ್ಲಿಯೂ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸರಣಿ) ಇವೆ. ಗರಿಷ್ಠ ವೇಗದಲ್ಲಿಯೂ ಅಂತರ ದೊಡ್ಡದಲ್ಲ: ಮೊದಲನೆಯದು 3.9 ಗಿಗಾಹರ್ಟ್ಸ್, ಎರಡನೆಯದು 4.3. ಆದರೂ ಆಟದಲ್ಲಿ ಐ3 ಬಹಳ ಮುಂದಿರುತ್ತದೆ. ಪ್ರೊಸೆಸರಿನೊಳಗಿನ ಗಡಿಯಾರದ ಪ್ರತಿ ಬಡಿತದಲ್ಲಿ ಅದು ಮುಗಿಸುವ ಕೆಲಸ ಹೆಚ್ಚು ಎಂಬುದೇ ಇದಕ್ಕೆ ಕಾರಣ. ಹಳೆಯ ಕೋರ್ ಒಮ್ಮೆಗೆ 192 ಸೂಚನೆಗಳನ್ನು ಕೈಯಲ್ಲಿ ಹಿಡಿದು, ಯಾವುದು ಸಿದ್ಧವಾಗಿದೆಯೋ ಅದನ್ನು ಮೊದಲು ಮಾಡಿ ಮುಗಿಸಬಲ್ಲದಾದರೆ, ಹೊಸತು 512 ಸೂಚನೆಗಳನ್ನು ಹಿಡಿಯಬಲ್ಲದು; ಪ್ರತಿ ಕೋರಿಗೆ ಮೀಸಲಾದ ಎಲ್2 ಕ್ಯಾಷ್ (ಬೇಕಾದ ಮಾಹಿತಿಯನ್ನು ಕೈಗೆಟುಕುವಂತೆ ಇಡುವ, ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿ) 256 ಕಿಲೋಬೈಟಿನಿಂದ 1.25 ಮೆಗಾಬೈಟಿಗೆ ಬೆಳೆದಿದೆ. ಕಂಪ್ಯೂಟರಿನ ಮೆಮೊರಿಯೂ (ರ‍್ಯಾಮ್) ಡಿಡಿಆರ್3 ಎಂಬ ಪೀಳಿಗೆಯಿಂದ ಡಿಡಿಆರ್4ಕ್ಕೆ ಬಂದಿದೆ.

ಇನ್ನೊಂದು ತೊಡಕು ವಿಂಡೋಸಿನದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಐ7-4770 ಇಲ್ಲ. ಏನೋ ಉಪಾಯ ಮಾಡಿ ಅದನ್ನು ಹಾಕಿಸಿಕೊಂಡರೂ, ವ್ಯಾಲರಂಟ್ ಆಟವು ವಿಂಡೋಸ್ 11ರಲ್ಲಿ ಟಿಪಿಎಂ 2.0 (ಭದ್ರತೆಗಾಗಿ ಇರುವ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಲೇ ಯಂತ್ರ ಶುರುವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದೆ ತೆರೆಯುವುದಿಲ್ಲ; ಅಷ್ಟು ಹಳೆಯ ಸೆಟ್ಟುಗಳಲ್ಲಿ ಟಿಪಿಎಂ 2.0 ಸಾಮಾನ್ಯವಾಗಿ ಇರುವುದಿಲ್ಲ. ಹುಡುಗರು ಹೆಚ್ಚಾಗಿ ಆಡುವ ಆಟವೇ ನಡೆಯದ ಯಂತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅದನ್ನು ನಿರ್ಧರಿಸುವ ಮೊದಲು, ಆಟದಲ್ಲಿ ಪ್ರೊಸೆಸರಿನ ಪಾಲಿನ ಕೆಲಸ ಯಾವುದೆಂದು ತಿಳಿದಿರಬೇಕು. ಎದುರಾಳಿಗಳ ಚಲನೆ, ಗುಂಡು ಎಲ್ಲಿ ತಗುಲಿತು ಎಂಬ ಲೆಕ್ಕ, ಮುಂದಿನ ಚಿತ್ರದಲ್ಲಿ ಏನೇನು ಇರಬೇಕು ಎಂಬ ಪಟ್ಟಿ, ಇವನ್ನು ಸಿದ್ಧಪಡಿಸುವುದು ಪ್ರೊಸೆಸರ್. ಆ ಪಟ್ಟಿಯಂತೆ ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಸೆಕೆಂಡಿಗೆ 60 ಚಿತ್ರ ಬೇಕಾದರೆ ಪ್ರತಿಯೊಂದಕ್ಕೂ ಸುಮಾರು 16.7 ಮಿಲಿಸೆಕೆಂಡು ಸಮಯವಿರುತ್ತದೆ. 144 ಹರ್ಟ್ಸ್ ಮಾನಿಟರಿಗೆ ತಕ್ಕಂತೆ 144 ಚಿತ್ರ ಬೇಕೆಂದರೆ 7 ಮಿಲಿಸೆಕೆಂಡಿಗಿಂತಲೂ ಕಡಿಮೆ. ಆದ್ದರಿಂದ ನಿಮ್ಮಲ್ಲಿರುವುದು 60 ಹರ್ಟ್ಸ್ ಮಾನಿಟರ್ ಆಗಿದ್ದು, ನೀವು ಆಡುವುದು ಕಥೆಯುಳ್ಳ, ನಿಧಾನವಾದ ಆಟಗಳಾಗಿದ್ದರೆ, ದುಬಾರಿ ಪ್ರೊಸೆಸರಿಗೆ ಸುರಿದ ಹಣ ಪರದೆಯ ಮೇಲೆ ಕಾಣಿಸುವುದೇ ಇಲ್ಲ. ಈಗಾಗಲೇ ಕಂಪ್ಯೂಟರ್ ಇರುವವರು ಒಂದು ಪರೀಕ್ಷೆ ಮಾಡಿ ನೋಡಬಹುದು: ಆಟದ ರೆಸಲ್ಯೂಷನ್ (ಚಿತ್ರದಲ್ಲಿನ ಚುಕ್ಕೆಗಳ ಸಂಖ್ಯೆ) ತಗ್ಗಿಸಿದಾಗ ಚಿತ್ರಗಳ ಸಂಖ್ಯೆ ಏರಿದರೆ ಕೊರತೆ ಗ್ರಾಫಿಕ್ಸ್ ಕಾರ್ಡಿನದು; ಏರದೆ ಅಲ್ಲಿಯೇ ನಿಂತರೆ ಬಹುಮಟ್ಟಿಗೆ ಪ್ರೊಸೆಸರಿನದು.

ನಿಮ್ಮ ಮೊತ್ತದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚನ್ನು ಪ್ರೊಸೆಸರಿಗೆ ಕೊಡಬೇಡಿರೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಸಲ್ಲಬೇಕು. ಆ ಮಿತಿಯಲ್ಲಿ ಆರು ಕೋರ್, ಹನ್ನೆರಡು ಥ್ರೆಡ್ ಇರುವ ಎಎಂಡಿ ಕಂಪನಿಯ ರೈಜನ್ 5 5600 ಅಥವಾ ಇಂಟೆಲಿನ ಕೋರ್ ಐ5-12400ಎಫ್, ಎರಡರಲ್ಲಿ ಮದರ್‌ಬೋರ್ಡ್ (ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಹಲಗೆ) ಸಮೇತ ಯಾವುದು ಕಡಿಮೆಗೆ ಸಿಗುವುದೋ ಅದನ್ನು ಕೊಳ್ಳಿರಿ. ಕೈ ತೀರಾ ಬಿಗಿಯಾಗಿದ್ದರೆ ಐ3-12100ಎಫ್ ಸಾಕು; ಆದರೆ ಆಟದ ಜೊತೆಗೆ ಹಿನ್ನೆಲೆಯಲ್ಲಿ ರೆಕಾರ್ಡಿಂಗ್ ನಡೆಸುವವರಿಗೆ ನಾಲ್ಕು ಕೋರ್ ಕಿರಿದಾಗುತ್ತದೆ. ರೈಜನ್ 5 5500 ಹೆಸರಿನಲ್ಲಿ 5600ಕ್ಕೆ ಹತ್ತಿರವಿದ್ದರೂ ಅದರ ಎಲ್3 ಕ್ಯಾಷ್ 32ರ ಬದಲು 16 ಮೆಗಾಬೈಟ್ ಮಾತ್ರ, ಪಿಸಿಐ ಎಕ್ಸ್‌ಪ್ರೆಸ್ (ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವಣ ದಾರಿ) ಸಹ ಹಳೆಯದಾದ ಮೂರನೆಯ ಪೀಳಿಗೆಯದು. ಆ ದಾರಿಯ ನಾಲ್ಕೇ ಲೇನ್ ಬಳಸುವ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡನ್ನು ಅದಕ್ಕೆ ಜೋಡಿಸಿದರೆ ನಷ್ಟ ಎದ್ದು ಕಾಣುತ್ತದೆ. ಡಿಡಿಆರ್5 ಮೆಮೊರಿ ಬೇಡುವ, ಎಎಂಡಿಯ ಹೊಸ ಪ್ರೊಸೆಸರುಗಳಿಗಾಗಿ ಬಂದ ಎಎಂ5 ಮದರ್‌ಬೋರ್ಡುಗಳು ಮುಂದಿನ ಅಪ್‌ಗ್ರೇಡಿಗೆ ಒಳ್ಳೆಯವು, ಆದರೆ ಮೆಮೊರಿಯ ಬೆಲೆ ಸೇರಿದಾಗ ನಿಮ್ಮ ಗ್ರಾಫಿಕ್ಸ್ ಕಾರ್ಡಿನ ಹಣವನ್ನೇ ತಿಂದುಹಾಕುತ್ತವೆ.

ಇಂಟೆಲ್ ಹೆಸರಿನ ಕೊನೆಯ ‘ಎಫ್’ ಅಕ್ಷರವನ್ನು ಮರೆಯಬೇಡಿರಿ: ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಮೂಡದು. ರೈಜನ್ 5 5600ರಲ್ಲಿಯೂ ಹಾಗೆಯೇ. ಕಾರ್ಡನ್ನು ಆರು ತಿಂಗಳ ನಂತರ ಕೊಳ್ಳುವ ಯೋಚನೆಯಿದ್ದರೆ ಈಗ ರೈಜನ್ 5 5600ಜಿ ತೆಗೆದುಕೊಳ್ಳಬಹುದು. ಅದರ ಒಳಗಿನ ಗ್ರಾಫಿಕ್ಸ್ ಕಂಪ್ಯೂಟರಿನ ಸಾಮಾನ್ಯ ಮೆಮೊರಿಯನ್ನೇ ಹಂಚಿಕೊಳ್ಳುವುದರಿಂದ, 16 ಜಿಬಿಯ ಒಂದು ರ‍್ಯಾಮ್ ಬದಲು 8 ಜಿಬಿಯ ಎರಡನ್ನು ಹಾಕಿಸಿಕೊಂಡರೆ ಆಟ ಎಷ್ಟೋ ಸಲೀಸಾಗುತ್ತದೆ.

ಎಸಿ ಇಲ್ಲದ ಮುಂಬಯಿಯ ಸಣ್ಣ ಕೋಣೆಯಲ್ಲಿ ಮೇ ತಿಂಗಳ ಸೆಕೆಗೆ 65 ವಾಟನ್ನು ಮೀರದ ದರ್ಜೆಯ ಈ ಪ್ರೊಸೆಸರುಗಳು ಡಬ್ಬಿಯೊಡನೆ ಬರುವ ಕೂಲರಿನಲ್ಲಿಯೇ ನಿಭಾಯಿಸುತ್ತವೆ. ಡಬ್ಬಿಯದನ್ನೇ ಕೇಳಿರಿ, ‘ಟ್ರೇ’ ಎಂದು ಬಿಡಿಯಾಗಿ ಮಾರುವುದಕ್ಕೆ ಕಂಪನಿಯ ನೇರ ವಾರಂಟಿ ಇರುವುದಿಲ್ಲ, ಅಂಗಡಿಯವರ ಮಾತೇ ಆಧಾರ. ಡಬ್ಬಿಗೆ ಮೂರು ವರ್ಷದ ವಾರಂಟಿ ಇರುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರೊಸೆಸರಿನ ಸೀರಿಯಲ್ ನಂಬರ್ ಬರೆಸಿಕೊಂಡು, ಡಬ್ಬಿಯ ಮೇಲಿನ ನಂಬರಿನೊಡನೆ ಅಂಗಡಿಯಲ್ಲಿಯೇ ತಾಳೆ ನೋಡಿರಿ. ನಂಬರ್ ತಾಳೆಯಾಗದೆ ದಾದರಿನಲ್ಲಿ ಗಾಡಿ ಬದಲಿಸಿ, ಲ್ಯಾಮಿಂಗ್ಟನ್ ರೋಡಿಗೆ ಹತ್ತಿರದ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಮತ್ತೊಮ್ಮೆ ಬರುವ ತೊಂದರೆ ತಪ್ಪುತ್ತದೆ.